ಬಾಗಿಲಿಗೆ ಬೀಗ, ಮಾಡಿಗೆ ಹೆಂಚು

ಕಂಪ್ಯೂಟರ್ ಸೈನ್ಸ್ ಬಿ.ಇ. ಪದವಿಯ ಎಂಟು ಸೆಮಿಸ್ಟರ್‌ಗಳಲ್ಲಿ ಏಳನೆಯದು ಅತಿ ಇಕ್ಕಟ್ಟಿನದು. ಕ್ಯಾಂಪಸ್ ಸಂದರ್ಶನ, ಮೇಜರ್ ಪ್ರಾಜೆಕ್ಟ್, ಹಿಂದಿನಿಂದ ಉಳಿದುಕೊಂಡು ಬಂದ ಬ್ಯಾಕ್‌ಲಾಗ್ ಇವೆಲ್ಲ ಒಟ್ಟಿಗೇ ಮೈಮೇಲೆ ಬೀಳುವ ಆ ಕೆಲವು ತಿಂಗಳಲ್ಲೇ ಪಠ್ಯಕ್ರಮದ ಗಟ್ಟಿ ವಿಷಯಗಳೂ ಬಂದು ಕೂರುತ್ತವೆ. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ, 2022ರ ಸ್ಕೀಮಿನಲ್ಲಿ ಏಳನೆಯ ಸೆಮಿಸ್ಟರಿನ ಕಡ್ಡಾಯ ವಿಷಯಗಳು ಮೂರು: ಇಂಟರ್ನೆಟ್ ಆಫ್ ಥಿಂಗ್ಸ್, ಪ್ಯಾರಲಲ್ ಕಂಪ್ಯೂಟಿಂಗ್, ಕ್ರಿಪ್ಟೋಗ್ರಫಿ ಮತ್ತು ನೆಟ್‌ವರ್ಕ್ ಸೆಕ್ಯುರಿಟಿ. ಮೊದಲನೆಯದನ್ನು ಹೆಚ್ಚಿನವರು ನಗುತ್ತ ದಾಟುತ್ತಾರೆ. ಉಳಿದೆರಡು ಹಾಗಲ್ಲ.

ಇವು ಕಷ್ಟವಾಗಲು ಲೆಕ್ಕದ ಭಾರವೊಂದೇ ಕಾರಣವಲ್ಲ. ಮೊದಲ ಮೂರು ವರ್ಷ ವಿದ್ಯಾರ್ಥಿ ಕಲಿಯುವುದು ಕೆಲಸ ಆಗುವಂತೆ ಮಾಡುವುದನ್ನು. ಪ್ರೋಗ್ರಾಂ ಓಡಬೇಕು, ಸರಿಯಾದ ಉತ್ತರ ಬರಬೇಕು, ಲ್ಯಾಬಿನ ರೆಕಾರ್ಡಿಗೆ ಸಹಿ ಬೀಳಬೇಕು. ಕೊನೆಯ ವರ್ಷದ ವಿಷಯಗಳು ಅದೇ ಪ್ರೋಗ್ರಾಂ ಎಲ್ಲಿ ಕೆಡುತ್ತದೆ, ಅದನ್ನು ಬೇಕೆಂದೇ ಕೆಡಿಸುವವರು ಯಾವ ಕಡೆಯಿಂದ ಬರುತ್ತಾರೆ ಎಂದು ಕೇಳುತ್ತವೆ. ಮೂರು ವರ್ಷ ಒಂದೇ ದಿಕ್ಕಿಗೆ ಪಳಗಿದ ಬುದ್ಧಿಯನ್ನು ತಿರುಗಿಸಿ ನಿಲ್ಲಿಸಲು ಸಿಗುವ ಕಾಲ ಒಂದು ಸೆಮಿಸ್ಟರ್ ಮಾತ್ರ.

ಬೈಂದೂರು ಪೇಟೆಗೆ ಹೊಂದಿಕೊಂಡ ಯಡ್ತರೆಯಂಥ ಊರಿನಿಂದ ಈ ಓದಿಗೆ ಹೊರಡುವವರ ಮುಂದೆ ದಾರಿ ಎರಡು ದಿಕ್ಕಿಗೆ ಇದೆ, ಎರಡೂ ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ. ಉತ್ತರಕ್ಕೆ ಶಿರೂರು ದಾಟಿದರೆ ಭಟ್ಕಳ. ಅಲ್ಲಿ 1980ರಲ್ಲಿ ಶುರುವಾದ ಅಂಜುಮನ್ ಎಂಜಿನಿಯರಿಂಗ್ ಕಾಲೇಜು ಇದೆ. ದಕ್ಷಿಣಕ್ಕೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ಸಾಗಿದರೆ ಕುಂದಾಪುರದ ಮೂಡ್ಲಕಟ್ಟೆ. ಅಲ್ಲಿನ ಕಾಲೇಜು 2004ರದು. ಇನ್ನೂ ಕೆಳಗಿಳಿದರೆ ಬಂಟಕಲ್ಲು, ಮಣಿಪಾಲ, ನಿಟ್ಟೆ. ಕೊನೆಗೆ 1960ರಲ್ಲಿ ಕೆಆರ್‌ಇಸಿ ಎಂಬ ಹೆಸರಿನಲ್ಲಿ ಆರಂಭವಾಗಿ 2002ರಲ್ಲಿ ಎನ್‌ಐಟಿಕೆ ಆದ ಸುರತ್ಕಲ್. ಮಣಿಪಾಲ, ನಿಟ್ಟೆ, ಸುರತ್ಕಲ್‌ಗಳಿಗೆ ಅವುಗಳದೇ ಪಠ್ಯಕ್ರಮವಿದೆ. ಮೂಡ್ಲಕಟ್ಟೆ, ಭಟ್ಕಳ, ಬಂಟಕಲ್ಲುಗಳು ವಿಟಿಯುವಿನ ತೆಕ್ಕೆಯಲ್ಲಿವೆ. ಬೆಳಿಗ್ಗೆ ಬಸ್ಸು ಹಿಡಿದು ಸಂಜೆ ಮನೆಗೆ ಮರಳುವ ವಿದ್ಯಾರ್ಥಿಯ ಲೆಕ್ಕದಲ್ಲಿ ಕಂಪ್ಯೂಟರ್ ಸೈನ್ಸ್ ಎಂದರೆ ಬಹುಮಟ್ಟಿಗೆ ವಿಟಿಯು ಸಿಲೆಬಸ್ಸೇ.

ಈ ಸಿಲೆಬಸ್ಸಿನಲ್ಲಿ ಭದ್ರತೆಯ ಪಾಠ ಒಂದು ಜಾಗದಲ್ಲಿ ನಿಂತದ್ದೇ ಇಲ್ಲ. 2015ರ ಸ್ಕೀಮಿನಲ್ಲಿ ಅದು ಆರನೆಯ ಸೆಮಿಸ್ಟರಿನ ಕಡ್ಡಾಯ ವಿಷಯವಾಗಿತ್ತು. ಕ್ರಿಪ್ಟೋಗ್ರಫಿ, ನೆಟ್‌ವರ್ಕ್ ಸೆಕ್ಯುರಿಟಿಗಳ ಜೊತೆಗೆ ಸೈಬರ್ ಕಾನೂನೂ ಅದರ ಹೆಸರಿನಲ್ಲೇ ಸೇರಿತ್ತು. 2018ರ ಸ್ಕೀಮ್ ಬಂದಾಗ ಕ್ರಿಪ್ಟೋಗ್ರಫಿ ಏಳನೆಯ ಸೆಮಿಸ್ಟರಿನ ಐಚ್ಛಿಕಗಳ ಸಾಲಿಗೆ ಇಳಿಯಿತು. ಬೇಕಾದವರು ಆರಿಸಿಕೊಳ್ಳಬಹುದು, ಬೇಡವಾದವರು ಅದರ ಮುಖ ನೋಡದೆ ಎಂಜಿನಿಯರ್ ಆಗಬಹುದು. 2022ರಲ್ಲಿ ಅದು ಮತ್ತೆ ಕಡ್ಡಾಯವಾಯಿತು, ಈ ಸಲ ಕಾನೂನನ್ನು ಹೆಸರಿನಿಂದ ಕಳಚಿಟ್ಟು. ಮೊದಲ ವರ್ಷದಲ್ಲೇ ಸೈಬರ್ ಭದ್ರತೆಯ ಪರಿಚಯ ಎಂಬ ಐಚ್ಛಿಕವೊಂದೂ ಸೇರಿತು. ಅದು ಓದಲು ಸುಲಭ, ಮರೆಯಲು ಇನ್ನೂ ಸುಲಭ. ಇತ್ತ 2018ರಲ್ಲಿ ಕಡ್ಡಾಯವಾಗಿದ್ದ ಕಂಪೈಲರ್ ಪಾಠ 2022ರಲ್ಲಿ ಐಚ್ಛಿಕವಾಯಿತು. ಅದು ನಷ್ಟವೇ. ತಾನು ಬರೆದ ಸಾಲು ಯಂತ್ರದೊಳಗೆ ಏನಾಗುತ್ತದೆಂದು ತಿಳಿಯದವನಿಗೆ ಅದನ್ನು ಒಡೆಯುವ ಬಗೆಯೂ ತಿಳಿಯುವುದಿಲ್ಲ.

ಕೊನೆಯ ವರ್ಷದ ಕಷ್ಟಕ್ಕೆ ಬೇರು ಇರುವುದು ಅದಕ್ಕೂ ಹಿಂದೆ, ಐದನೆಯ ಸೆಮಿಸ್ಟರಿನ ಥಿಯರಿ ಆಫ್ ಕಂಪ್ಯುಟೇಶನ್‌ನಲ್ಲಿ. ಅಲ್ಲಿ ಬರುವ ಒಂದು ಫಲಿತಾಂಶ ಇದು: ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ಎಂದಾದರೂ ನಿಲ್ಲುತ್ತದೆಯೋ, ನಿಲ್ಲದೆ ಸುತ್ತುತ್ತಲೇ ಇರುತ್ತದೆಯೋ ಎಂದು ತಪ್ಪದೆ ಹೇಳಬಲ್ಲ ಇನ್ನೊಂದು ಪ್ರೋಗ್ರಾಂ ಬರೆಯಲು ಸಾಧ್ಯವಿಲ್ಲ. ಇಂಗ್ಲೆಂಡಿನ ಅಲನ್ ಟ್ಯೂರಿಂಗ್ 1936ರಲ್ಲೇ ಇದನ್ನು ತೋರಿಸಿದ್ದ. ವಿದ್ಯಾರ್ಥಿಗಳು ಇದನ್ನು ಹತ್ತು ಅಂಕದ ಸಾಧನೆಯೆಂದು ಬಾಯಿಪಾಠ ಮಾಡಿ, ಪರೀಕ್ಷೆಯ ಮರುದಿನ ಬಿಟ್ಟುಬಿಡುತ್ತಾರೆ. ಆದರೆ ಅದೇ ತರ್ಕ ಸೈಬರ್ ಭದ್ರತೆಯ ಬುಡದಲ್ಲಿದೆ. ಎಲ್ಲ ವೈರಸ್‌ಗಳನ್ನೂ ಒಂದನ್ನೂ ಬಿಡದೆ, ಒಳ್ಳೆಯ ಪ್ರೋಗ್ರಾಂ ಮೇಲೆ ತಪ್ಪು ಹೊರಿಸದೆ ಹಿಡಿಯುವ ಆ್ಯಂಟಿವೈರಸ್ ಇರಲಾರದು ಎಂದು 1980ರ ದಶಕದಲ್ಲಿ ಅಮೆರಿಕದ ಫ್ರೆಡ್ ಕೋಹೆನ್ ತೋರಿಸಿದ್ದು ಇದೇ ಜಾಡಿನಲ್ಲಿ. ಅಂಗಡಿಯಲ್ಲಿ ಸಿಗುವ ಆ್ಯಂಟಿವೈರಸ್ ವರ್ಷವಿಡೀ ಅಪ್‌ಡೇಟ್ ಕೇಳುವುದು ಕಂಪನಿಯ ಸೋಮಾರಿತನದಿಂದಲ್ಲ. ಗಣಿತವೇ ಅಲ್ಲಿ ದಾರಿ ಮುಚ್ಚಿದೆ.

ಪ್ಯಾರಲಲ್ ಕಂಪ್ಯೂಟಿಂಗ್‌ನ ತಿರುಳು ಒಂದು ಕೆಲಸವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚುವುದು. ಎಷ್ಟು ಹಂಚಿದರೆ ಎಷ್ಟು ಲಾಭ ಎಂಬುದಕ್ಕೆ 1967ರಲ್ಲಿ ಜೀನ್ ಆಮ್‌ಡಾಲ್ ಹಾಕಿದ ಲೆಕ್ಕವಿದೆ. ದೇವಸ್ಥಾನದ ಸಮಾರಾಧನೆಯ ಅಡುಗೆಮನೆಯಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಕಾಯಿ ತುರಿಯಲು ಒಬ್ಬರ ಬದಲು ಹತ್ತು ಮಂದಿ ಕೂತರೆ ಕೆಲಸ ಬೇಗ ಮುಗಿಯುತ್ತದೆ. ಒಲೆಯ ಮೇಲಿನ ಸಾಂಬಾರು ಕುದಿಯುವ ಹೊತ್ತನ್ನು ಅದೇ ಹತ್ತು ಮಂದಿ ಸುತ್ತ ನಿಂತರೂ ತಗ್ಗಿಸಲಾರರು. ನೂರು ನಿಮಿಷದ ಕೆಲಸದಲ್ಲಿ ಹಂಚಲಾಗದ ಭಾಗ ಹತ್ತು ನಿಮಿಷವಿದ್ದರೆ ಸಾವಿರ ಪ್ರೊಸೆಸರ್ ತಂದಿಟ್ಟರೂ ಹತ್ತು ನಿಮಿಷದೊಳಗೆ ಮುಗಿಯದು.

ಇಷ್ಟು ಯಾರಿಗೂ ಅರ್ಥವಾಗುತ್ತದೆ. ತಲೆ ತಿನ್ನುವುದು ರೇಸ್ ಕಂಡಿಷನ್ ಎಂಬ ತೊಡಕು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ಏಜೆಂಟರು ಮನೆಮನೆಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಇಂದಿನ ಪಿಗ್ಮಿ ಖಾತೆಯೊಂದನ್ನು ಊಹಿಸಿಕೊಳ್ಳೋಣ. ಅದರಲ್ಲಿ 1000 ರೂಪಾಯಿ ಇದೆ. ಏಜೆಂಟರ ಕೈಯ ಯಂತ್ರ 50 ರೂಪಾಯಿ ಜಮಾ ಮಾಡುವ ಕ್ಷಣದಲ್ಲೇ ಬ್ಯಾಂಕಿನ ಕೌಂಟರಿನಲ್ಲಿ 200 ರೂಪಾಯಿ ತೆಗೆಯುವ ಚೀಟಿ ಬರುತ್ತದೆ. ಇಬ್ಬರೂ ಮೊದಲು ಬಾಕಿ ಓದುತ್ತಾರೆ, ಇಬ್ಬರಿಗೂ 1000 ಕಾಣುತ್ತದೆ. ಒಬ್ಬರು 1050 ಎಂದು ಬರೆಯುತ್ತಾರೆ, ಇನ್ನೊಬ್ಬರು 800 ಎಂದು. ಕೊನೆಗೆ ಬರೆದವರ ಅಂಕಿ ಉಳಿಯುತ್ತದೆ. ಇರಬೇಕಾದದ್ದು 850, ಅದು ಎಲ್ಲಿಯೂ ಇಲ್ಲ. ಎರಡು ಕಡೆಯ ಪ್ರೋಗ್ರಾಂನಲ್ಲೂ ಒಂದೇ ಒಂದು ಸಾಲು ತಪ್ಪಿಲ್ಲ. ಇನ್ನೂ ಕೆಟ್ಟದ್ದೆಂದರೆ ಸಾವಿರ ಸಲ ಪರೀಕ್ಷಿಸಿದಾಗ ಸಾವಿರ ಸಲವೂ ಸರಿಯಾಗಿ ಓಡಿ, ಸಾವಿರದ ಒಂದನೆಯ ಸಲ, ಅದೂ ವೈವಾದ ದಿನ, ಇದು ಕಾಣಿಸಿಕೊಳ್ಳಬಹುದು. ಒಬ್ಬರು ಖಾತೆ ಮುಟ್ಟಿರುವಾಗ ಇನ್ನೊಬ್ಬರು ಮುಟ್ಟದಂತೆ ಲಾಕ್ ಹಾಕುವುದು ಪರಿಹಾರ. ಆದರೆ ಲಾಕ್ ಒಂದಕ್ಕಿಂತ ಹೆಚ್ಚಾದರೆ ಇಬ್ಬರೂ ಪರಸ್ಪರರ ಲಾಕ್ ಬಿಡುಗಡೆಗೆ ಕಾಯುತ್ತ ಕೂರುವ ಡೆಡ್‌ಲಾಕ್ ಬರಬಹುದು, ಕಿರು ಸೇತುವೆಯ ಮಧ್ಯೆ ಎದುರುಬದುರಾದ ಎರಡು ಲಾರಿಗಳ ಹಾಗೆ. ಒಂದು ತಪ್ಪಿನಿಂದ ಪಾರಾಗುವ ದಾರಿಯೇ ಇನ್ನೊಂದು ತಪ್ಪಿಗೆ ಒಯ್ಯುವುದು ಈ ವಿಷಯದ ಸ್ವಭಾವ.

ಕ್ರಿಪ್ಟೋಗ್ರಫಿ ಮಾತ್ರ ಆರಂಭದಲ್ಲಿ ಆಟದಂತೆ ಕಾಣುತ್ತದೆ. ಪ್ರತಿ ಅಕ್ಷರದ ಮುಂದೆ ‘ಕ’ ಸೇರಿಸಿ ಮಕ್ಕಳು ಆಡುವ ಗುಟ್ಟುಮಾತು, ಅಂಕಿಗಳ ಚೌಕಗಳಲ್ಲಿ ಅಕ್ಷರಗಳನ್ನು ಅಡಗಿಸಿಟ್ಟ ಕುಮುದೇಂದುವಿನ ಸಿರಿಭೂವಲಯ, ಅಕ್ಷರಗಳನ್ನು ಮೂರು ಮನೆ ಮುಂದಕ್ಕೆ ಸರಿಸಿ ಬರೆದ ಜೂಲಿಯಸ್ ಸೀಸರ್ ಎಲ್ಲವೂ ಒಂದೇ ಕುಟುಂಬಕ್ಕೆ ಸೇರಿದವು. ವಿಧಾನ ತಿಳಿದರೆ ಗುಟ್ಟು ಬಯಲು. 1883ರಲ್ಲಿ ಆಗಸ್ಟ್ ಕೆರ್ಕಾಫ್ಸ್ ಇದಕ್ಕೆ ಎದುರಾದ ನಿಯಮವೊಂದನ್ನು ಹೇಳಿದ: ವಿಧಾನ ಇಡೀ ಊರಿಗೆ ಗೊತ್ತಿದ್ದರೂ ಕೀಲಿಯೊಂದು ಗುಟ್ಟಾಗಿದ್ದರೆ ಸಂದೇಶ ಭದ್ರವಾಗಿರಬೇಕು. ಇಂದಿನ ಬಹುತೇಕ ಗೂಢಲಿಪಿಗಳು ಈ ನಿಯಮದ ಮೇಲೆ ನಿಂತಿವೆ. 2001ರಲ್ಲಿ ಅಮೆರಿಕ ಅಂಗೀಕರಿಸಿದ ಎಇಎಸ್ ವಿಧಾನದ ಪ್ರತಿ ಹಂತವೂ ಪಠ್ಯಪುಸ್ತಕದಲ್ಲೇ ಅಚ್ಚಾಗಿದೆ.

ಗುಟ್ಟು ಕಾಯುವುದು ಒಂದು ಕೆಲಸ, ಸಂದೇಶ ತಿದ್ದಿಲ್ಲವೆಂದು ಖಚಿತಪಡಿಸುವುದು ಇನ್ನೊಂದು. ವಿದ್ಯಾರ್ಥಿಗಳು ಇವೆರಡನ್ನೂ ಕಲಸಿಬಿಡುತ್ತಾರೆ. ಕರಾವಳಿಯ ಯಕ್ಷಗಾನ ಪ್ರೇಕ್ಷಕರಿಗೆ ಈ ಗೊಂದಲ ಆಗಬಾರದು, ಏಕೆಂದರೆ ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನ ಕತೆ ಎಲ್ಲರಿಗೂ ಗೊತ್ತು. ಓಲೆ ತಂದವನಿಗೆ ವಿಷ ಕೊಡು ಎಂದು ದುಷ್ಟಬುದ್ಧಿ ಮಗ ಮದನನಿಗೆ ಬರೆದು, ಆ ಓಲೆಯನ್ನು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ಉದ್ಯಾನದಲ್ಲಿ ಮಲಗಿದ್ದವನ ಓಲೆಯನ್ನು ನೋಡಿದ ಮಗಳು ವಿಷಯೆ ಒಂದಕ್ಷರ ತಿದ್ದಿ ‘ವಿಷ’ವನ್ನು ತನ್ನ ಹೆಸರಾಗಿಸುತ್ತಾಳೆ. ಮದನ ತಂಗಿಯನ್ನೇ ಕೊಟ್ಟು ಮದುವೆ ಮಾಡಿಸುತ್ತಾನೆ. ಓಲೆ ದುಷ್ಟಬುದ್ಧಿಯದೇ, ಕೈಬರಹ ಅವನದೇ. ದಾರಿಯಲ್ಲಿ ಬದಲಾದದ್ದನ್ನು ಕಂಡುಹಿಡಿಯುವ ಉಪಾಯ ಮಾತ್ರ ಮದನನ ಬಳಿ ಇರಲಿಲ್ಲ. ಹ್ಯಾಶ್ ಎಂಬ ಲೆಕ್ಕ ಮಾಡುವುದು ಆ ಕೆಲಸವನ್ನು. ಓಲೆ ಎಷ್ಟೇ ಉದ್ದವಿರಲಿ, ಅದನ್ನು ನಿಗದಿತ ಉದ್ದದ ಒಂದು ಅಂಕಿಯಾಗಿ ಹಿಂಡುತ್ತದೆ. ಒಂದಕ್ಷರ ಬದಲಾದರೂ ಅಂಕಿ ಪೂರ್ತಿ ಬೇರೆಯಾಗುತ್ತದೆ. ಆ ಅಂಕಿಗೆ ದುಷ್ಟಬುದ್ಧಿಯೊಬ್ಬನೇ ಹಾಕಬಲ್ಲ ಮುದ್ರೆ ಬಿದ್ದರೆ ಅದೇ ಡಿಜಿಟಲ್ ಸಹಿ. ಅದಿದ್ದಿದ್ದರೆ ಪ್ರಸಂಗ ಅಲ್ಲಿಗೇ ಮುಗಿಯುತ್ತಿತ್ತು, ನಾಯಕನ ಸಮೇತ.

ಆರ್‌ಎಸ್‌ಎ ಈ ವಿಷಯದ ಹೃದಯ. ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು 1977ರಲ್ಲಿ ಕಂಡುಕೊಂಡ ವಿಧಾನ ಇದು. ಅದರ ಕಲ್ಪನೆ ದೇವಸ್ಥಾನದ ಕಾಣಿಕೆ ಹುಂಡಿಯದ್ದು. ಹಣ ಹಾಕುವ ಕಿಂಡಿ ಎಲ್ಲರಿಗೂ ತೆರೆದಿದೆ, ತೆಗೆಯುವ ಕೀಲಿ ಆಡಳಿತದವರ ಬಳಿ ಮಾತ್ರ. ಪರೀಕ್ಷೆಯಲ್ಲಿ ಬರುವ ಪುಟ್ಟ ಲೆಕ್ಕ ಹೀಗಿರುತ್ತದೆ. 3 ಮತ್ತು 11 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ 33. ಎರಡರಲ್ಲೂ ಒಂದೊಂದು ಕಳೆದು ಗುಣಿಸಿದರೆ 20. ಸಾರ್ವಜನಿಕ ಕೀಲಿ 3 ಇರಲಿ. 3ರಿಂದ ಗುಣಿಸಿ 20ರಿಂದ ಭಾಗಿಸಿದಾಗ 1 ಉಳಿಯುವ ಸಂಖ್ಯೆ 7. ಅದು ಖಾಸಗಿ ಕೀಲಿ. ಕಳಿಸಬೇಕಾದ ಸಂದೇಶ 4. ಅದರ ಘನ 64, ಅದನ್ನು 33ರಿಂದ ಭಾಗಿಸಿದರೆ ಉಳಿಯುವುದು 31. ತಂತಿಯ ಮೇಲೆ ಹೋಗುವುದು ಈ 31. ಅದನ್ನು ಬಿಡಿಸಲು 31ರ ಏಳನೆಯ ಘಾತವನ್ನು 33ರಿಂದ ಭಾಗಿಸಬೇಕು.

ವಿದ್ಯಾರ್ಥಿಗಳ ಎರಡು ಜಾತಿ ಬೇರೆಯಾಗುವುದು ಇಲ್ಲಿಯೇ. ಒಂದು ಜಾತಿಯವರು 31ನ್ನು ಏಳು ಸಲ ಗುಣಿಸಲು ಕೂತು 2,751 ಕೋಟಿ ದಾಟುವ ಸಂಖ್ಯೆಯೊಂದಿಗೆ ಹೆಣಗುತ್ತಾರೆ. ಇನ್ನೊಂದು ಜಾತಿಯವರು 31 ಎಂದರೆ 33ಕ್ಕೆ ಎರಡು ಕಡಿಮೆ ಎಂದು ನೋಡುತ್ತಾರೆ. ಋಣ ಎರಡರ ಏಳನೆಯ ಘಾತ ಋಣ 128, ಅದಕ್ಕೆ 33ರ ನಾಲ್ಕು ಪಟ್ಟಾದ 132 ಕೂಡಿಸಿದರೆ 4. ಸಂದೇಶ ಮರಳಿ ಬಂತು. ಖಾಸಗಿ ಕೀಲಿ ಹುಡುಕಲು ಬಳಸುವ ಲೆಕ್ಕ ಆರ್ಯಭಟ 499ರಲ್ಲಿ ಬರೆದ ಆರ್ಯಭಟೀಯದ ಕುಟ್ಟಕ ಬಿಡಿಸುವ ಸಮಸ್ಯೆಯ ಬಗೆಯದೇ. ಪಾಠದಲ್ಲಿ ಯೂಕ್ಲಿಡನ ಹೆಸರು ಬರುತ್ತದೆ, ಕುಟ್ಟಕದ್ದು ಬರುವುದಿಲ್ಲ. ನಿಜವಾದ ಬಳಕೆಯಲ್ಲಿ 33ರ ಜಾಗದಲ್ಲಿ ಇರುವುದು 617 ಅಂಕಿಗಳ ಸಂಖ್ಯೆ. 33ನ್ನು 3 ಮತ್ತು 11 ಆಗಿ ಒಡೆಯಲು ಮಗುವಿಗೂ ಆಗುತ್ತದೆ, ಆ 617 ಅಂಕಿಯದನ್ನು ಒಡೆಯಲು ಇಂದಿನ ಯಾವ ಕಂಪ್ಯೂಟರಿಗೂ ಆಗಿಲ್ಲ. ಇಡೀ ಭದ್ರತೆ ಅಷ್ಟರ ಮೇಲೆ ನಿಂತಿದೆ. ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಅದೂ ಒಡೆಯುತ್ತದೆಂದು 1994ರಲ್ಲೇ ಪೀಟರ್ ಶೋರ್ ತೋರಿಸಿದ್ದರಿಂದ, ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಬೇರೆ ಬಗೆಯ ಲೆಕ್ಕಗಳ ಮೂರು ಹೊಸ ಮಾನಕಗಳನ್ನು ಪ್ರಕಟಿಸಿತು.

ಇಷ್ಟು ಕಷ್ಟದ ವಿಷಯದಲ್ಲಿ ಪಾಸಾಗುವುದು ಕಷ್ಟವೇನಲ್ಲ ಎಂಬುದು ಈ ವ್ಯವಸ್ಥೆಯ ತಮಾಷೆ. ವಿಟಿಯು ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್‌ಗಳಿಂದ ಎರಡೆರಡರಂತೆ ಹತ್ತು ಪ್ರಶ್ನೆ, ಪ್ರತಿಯೊಂದಕ್ಕೆ 20 ಅಂಕ. ಪ್ರತಿ ಮಾಡ್ಯೂಲ್‌ನಿಂದ ಒಂದನ್ನು ಬರೆದರಾಯಿತು. ಸೆಮಿಸ್ಟರ್ ಪರೀಕ್ಷೆಯಲ್ಲಿ ದಾಟಬೇಕಾದ ಗೆರೆ ನೂರಕ್ಕೆ 35. ಇಂಟರ್ನಲ್ಸ್ ಸೇರಿ ಒಟ್ಟು 40 ಆಗಬೇಕು. ಎರಡು ಮಾಡ್ಯೂಲ್ ಗಟ್ಟಿಯಾಗಿ ಓದಿ ಇಂಟರ್ನಲ್ಸ್ ಕೈಯಲ್ಲಿಟ್ಟುಕೊಂಡವರು ಉಳಿದ ಮೂರನ್ನು ತೆರೆಯದೆಯೂ ಹೊರಬರಬಹುದು. ಹಾಗಾಗಿ ಸೀಸರ್, ಪ್ಲೇಫೇರ್, ಹಿಲ್ ಎಂಬ ಹಳೆಯ ಲಿಪಿಗಳಲ್ಲಿ ಪಳಗಿ, ಇಂದಿನ ಅಂತರ್ಜಾಲವನ್ನು ನಿಜವಾಗಿ ಕಾಯುವ ಸರ್ಟಿಫಿಕೇಟು, ಕೆರ್ಬೆರೋಸ್, ಐಪಿಸೆಕ್‌ಗಳ ಗಂಧ ತಗುಲದೆ ಪದವಿ ಪಡೆಯುವುದು ನಡೆದೇ ಇದೆ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಸಾಲಾಗಿಟ್ಟು ಯಾವ ಲೆಕ್ಕ ಈ ಸಲ ಬರುತ್ತದೆಂದು ಊಹಿಸುವುದರಲ್ಲಿ ವಿದ್ಯಾರ್ಥಿಗಳು ತೋರುವ ವಿಶ್ಲೇಷಣೆಯ ಶಕ್ತಿಯನ್ನು ನೋಡಿದರೆ, ಗೂಢಲಿಪಿ ಒಡೆಯಲು ಇವರೇ ಸರಿಯಾದವರು ಎನಿಸುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ವಿಷಯದ ಹೆಸರಿನಲ್ಲೇ ಇದೆ. ಕ್ರಿಪ್ಟೋಗ್ರಫಿ ಬೀಗದ ಶಾಸ್ತ್ರ. ಕರಾವಳಿಯ ಹಳೆಯ ಮನೆಗಳಲ್ಲಿ ಕಳ್ಳ ಬೀಗ ಒಡೆಯಲು ಹೋಗುತ್ತಿರಲಿಲ್ಲ, ಮಾಡಿಗೆ ಹತ್ತಿ ನಾಲ್ಕು ಹೆಂಚು ಸರಿಸಿ ಇಳಿಯುತ್ತಿದ್ದ. ಕಂಪ್ಯೂಟರ್ ಲೋಕದಲ್ಲಿಯೂ ಆರ್‌ಎಸ್‌ಎ ಒಡೆದು ಒಳಗೆ ಬಂದವರ ಸುದ್ದಿ ಅಪರೂಪ. ಬರುವವರು ಪ್ರೋಗ್ರಾಂ ಬರೆದವರ ಅಜಾಗರೂಕತೆಯಿಂದ ಸಡಿಲವಾದ ಹೆಂಚಿನ ಕಡೆಯಿಂದ ಬರುತ್ತಾರೆ.

ಅಂಥ ಹೆಂಚು ಹೇಗೆ ಸಡಿಲವಾಗುತ್ತದೆಂದು ನೋಡಲು ಯಡ್ತರೆಯ ಹೆಸರೊಂದೇ ಸಾಕು. ಮೊದಲ ವರ್ಷದ ಹುಡುಗನೊಬ್ಬ ಸಿ ಭಾಷೆಯಲ್ಲಿ ವಿಳಾಸ ಬರೆದುಕೊಳ್ಳುವ ಪ್ರೋಗ್ರಾಂ ಮಾಡಿ, ಊರಿನ ಹೆಸರಿಗೆ 16 ಬೈಟ್ ಜಾಗ ಕೊಟ್ಟಿದ್ದಾನೆ ಎಂದುಕೊಳ್ಳೋಣ. ಇಂಗ್ಲಿಷಿನಲ್ಲಿ ಊರಿನ ಹೆಸರು ಎಂಟು ಅಕ್ಷರ, ಎಂಟು ಬೈಟ್. ಹೆಸರು ಮುಗಿಯಿತೆಂದು ತಿಳಿಸುವ ಒಂದು ಬೈಟ್ ಸೇರಿ ಒಂಬತ್ತು. ಬೇಕಾದಷ್ಟು ಜಾಗ ಉಳಿಯಿತು. ಈಗ ಯಾರೋ ಕನ್ನಡದಲ್ಲಿ ಟೈಪ್ ಮಾಡುತ್ತಾರೆ. ಕನ್ನಡಿಗರ ಕಣ್ಣಿಗೆ ‘ಯಡ್ತರೆ’ ಮೂರೇ ಅಕ್ಷರ: ಯ, ಡ್ತ, ರೆ. ಯೂನಿಕೋಡ್ ಅದನ್ನು ಯ, ಡ, ಅರ್ಧಾಕ್ಷರದ ಚಿಹ್ನೆ, ತ, ರ, ಎತ್ವ ಎಂದು ಆರು ತುಂಡು ಮಾಡಿ ಇಡುತ್ತದೆ. ಯುಟಿಎಫ್-8 ಎಂಬ ಬಳಕೆಯ ರೂಪದಲ್ಲಿ ಪ್ರತಿ ತುಂಡಿಗೆ ಮೂರು ಬೈಟ್. ಅಲ್ಲಿಗೆ 18, ಕೊನೆಯದೊಂದು ಸೇರಿ 19. ಹದಿನಾರರ ಪೆಟ್ಟಿಗೆಗೆ ಹತ್ತೊಂಬತ್ತು ಸುರಿದಂತಾಯಿತು.

ಹೆಚ್ಚಾದ ಮೂರು ಬೈಟ್ ಎಲ್ಲಿಗೆ ಹೋಗುತ್ತವೆ ಎಂಬುದೇ ಇಡೀ ಕತೆ. ಸಿ ಭಾಷೆಯ ಹಳೆಯ ಆಜ್ಞೆಗಳು ಜಾಗ ಸಾಕೇ ಎಂದು ಕೇಳುವುದಿಲ್ಲ. ರಿಜಿಸ್ಟರಿನ ಒಂದು ಕಲಂನಲ್ಲಿ ಬರೆದದ್ದು ಹಿಡಿಸದೆ ಪಕ್ಕದ ಕಲಂನ ಮೇಲೆ ಹರಿದಂತೆ ಪಕ್ಕದ ನೆನಪಿನ ಮೇಲೆ ಬರೆದುಬಿಡುತ್ತವೆ. ಆ ಪಕ್ಕದಲ್ಲಿ ಈ ಕೆಲಸ ಮುಗಿದ ಮೇಲೆ ಯಂತ್ರ ಎಲ್ಲಿಗೆ ಮರಳಬೇಕೆಂಬ ವಿಳಾಸವೂ ಇರಬಹುದು. ಅಮಾಯಕರು ಊರಿನ ಹೆಸರು ಟೈಪ್ ಮಾಡಿದರೆ ಪ್ರೋಗ್ರಾಂ ಕುಸಿಯಬಹುದು, ಅಷ್ಟೇ. ಬಲ್ಲವನು ಹೆಸರಿನ ಬಾಲದಲ್ಲಿ ತನಗೆ ಬೇಕಾದ ವಿಳಾಸ ಅಂಟಿಸಿದರೆ ಯಂತ್ರ ಅವನು ಹೇಳಿದಲ್ಲಿಗೆ ಹೋಗುತ್ತದೆ. ಬಫರ್ ಓವರ್‌ಫ್ಲೋ ಎಂದರೆ ಇಷ್ಟೇ.

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್ ಹರಿಯಬಿಟ್ಟ, ತಾನಾಗಿ ಹರಡುವ ‘ಹುಳು’ ಪ್ರೋಗ್ರಾಂ ಅಂದಿನ ಅಂತರ್ಜಾಲದಲ್ಲಿ ಸುಮಾರು ಆರು ಸಾವಿರ ಕಂಪ್ಯೂಟರುಗಳಿಗೆ ನುಗ್ಗಿತೆಂಬ ಅಂದಾಜಿದೆ. ಅದು ಬಳಸಿದ ದಾರಿಗಳಲ್ಲಿ ಒಂದು ಇದೇ: 512 ಬೈಟ್ ಜಾಗಕ್ಕೆ 536 ಬೈಟ್ ಕಳಿಸಿದ್ದು. ಮಾರಿಸ್‌ಗೆ ಶಿಕ್ಷೆಯಾಯಿತು. ಆ ತೂತಿಗೆ ಕಾರಣವಾದ ‘ಗೆಟ್ಸ್’ ಎಂಬ ಆಜ್ಞೆಯನ್ನು ಸಿ ಭಾಷೆಯ ಮಾನಕದಿಂದ ತೆಗೆದುಹಾಕಿದ್ದು 2011ರಲ್ಲಿ, ಇಪ್ಪತ್ಮೂರು ವರ್ಷದ ನಂತರ. ಇಂದಿಗೂ ಹಳೆಯ ಗೈಡುಗಳಲ್ಲಿ ಅದು ಹಾಯಾಗಿದೆ.

ಇನ್ನೊಂದು ಸಡಿಲ ಹೆಂಚು ಎಸ್‌ಕ್ಯೂಎಲ್ ಇಂಜೆಕ್ಷನ್. ಹೆಸರು ಬರೆಯಬೇಕಾದ ಕಲಂನಲ್ಲಿ ಡೇಟಾಬೇಸಿಗೆ ಕೊಡುವ ಆಜ್ಞೆಯನ್ನೇ ಬರೆದರೆ, ಮಾಹಿತಿ ಯಾವುದು ಆಜ್ಞೆ ಯಾವುದು ಎಂದು ವಿಂಗಡಿಸದ ಪ್ರೋಗ್ರಾಂ ಅದನ್ನು ಪಾಲಿಸಿಬಿಡುತ್ತದೆ. ಡೇಟಾಬೇಸ್ ಪಾಠದಲ್ಲಿ ಪ್ರಶ್ನೆ ಕೇಳುವುದನ್ನು ಕಲಿಸಿದ ಮೇಷ್ಟ್ರು ಈ ಅಪಾಯಕ್ಕೆ ಒಂದು ತಾಸು ಕೊಟ್ಟಿದ್ದರೆ ಸಾಕಿತ್ತು. ಆದರೆ ಆ ಪಾಠ ಡೇಟಾಬೇಸಿನ ಮೇಷ್ಟ್ರ ಸಿಲೆಬಸ್ಸಿನಲ್ಲೂ ಇಲ್ಲ, ಕ್ರಿಪ್ಟೋಗ್ರಫಿಯ ಮೇಷ್ಟ್ರ ಸಿಲೆಬಸ್ಸಿನಲ್ಲೂ ಇಲ್ಲ. ಸೈಬರ್ ಭದ್ರತೆ ಎಂಬುದು ನಿಜವಾಗಿ ಒಂದು ಬಿಡಿ ವಿಷಯವೇ ಅಲ್ಲ. ಸಿ, ಡೇಟಾಬೇಸ್, ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್ ಪ್ರತಿಯೊಂದರ ಹಿಂಬದಿಯಲ್ಲೂ ಅದು ಹರಡಿದೆ. ಅದನ್ನು ಕೊನೆಯ ವರ್ಷದ ಒಂದು ಡಬ್ಬಿಯಲ್ಲಿ ತುಂಬಿದ್ದೇ ಅದು ಕಷ್ಟವಾಗಿ ಕಾಣಲು ಮುಖ್ಯ ಕಾರಣ.

ಈ ವಿದ್ಯೆ ಓದಿ ಬರುವುದಲ್ಲ, ಒಡೆದು ನೋಡಿ ಬರುವುದು. ಅದಕ್ಕೆ ಬೇಕಾದ ಸಲಕರಣೆ ದುಬಾರಿಯೇನಲ್ಲ: ಕಾಳಿ ಲಿನಕ್ಸ್, ಜಾಲದ ಸಂಚಾರ ತೋರಿಸುವ ವೈರ್‌ಶಾರ್ಕ್ ಎರಡೂ ಉಚಿತ. ಒಂದೇ ಲ್ಯಾಪ್‌ಟಾಪಿನೊಳಗೆ ದಾಳಿ ಮಾಡುವ ಯಂತ್ರ, ದಾಳಿಗೆ ಗುರಿಯಾಗುವ ಯಂತ್ರ ಎರಡನ್ನೂ ವರ್ಚುವಲ್ ಆಗಿ ಓಡಿಸಬಹುದು, 8 ಜಿಬಿ ರ‍್ಯಾಮ್ ಇದ್ದರೆ ತೆವಳುತ್ತ, 16 ಇದ್ದರೆ ಸಲೀಸಾಗಿ. ಮಳೆಗಾಲದಲ್ಲಿ ಕರೆಂಟು ಹೋಗಿ ನೆಟ್‌ವರ್ಕೂ ಕೈಕೊಡುವ ಊರುಗಳಲ್ಲಿ ಇಂಥ ಮನೆಯೊಳಗಿನ ಲ್ಯಾಬಿಗೆ ಒಂದು ಅನುಕೂಲವಿದೆ: ಒಮ್ಮೆ ಇಳಿಸಿಕೊಂಡ ಮೇಲೆ ಅಂತರ್ಜಾಲ ಬೇಕಾಗಿಲ್ಲ. ಬೇರೆಯವರ ವ್ಯವಸ್ಥೆಯ ಮೇಲೆ ಕೈಯಿಡದೆ ಮನೆಯೊಳಗೇ ಕಲಿಯಲು ಇನ್ನೂ ದೊಡ್ಡ ಕಾರಣ ಕಾನೂನು. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರಿನೊಳಗೆ ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮಿನಡಿ ತಪ್ಪು. ಅದನ್ನು ಅಪ್ರಾಮಾಣಿಕ ಉದ್ದೇಶದಿಂದ ಮಾಡಿದರೆ 66ನೆಯ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಕಾಲೇಜಿನ ವೈಫೈ, ಸ್ನೇಹಿತನ ಇನ್‌ಸ್ಟಾಗ್ರಾಂ ಯಾವುದಕ್ಕೂ ವಿನಾಯಿತಿ ಇಲ್ಲ. ಅಕಸ್ಮಾತ್ ತೂತು ಕಣ್ಣಿಗೆ ಬಿದ್ದರೆ 2004ರಿಂದ ಕೆಲಸ ಮಾಡುತ್ತಿರುವ ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಗೆ ತಿಳಿಸುವ ದಾರಿಯಿದೆ. 2015ರ ಸ್ಕೀಮಿನಲ್ಲಿ ವಿಷಯದ ಹೆಸರಿನಲ್ಲೇ ಇದ್ದ ಸೈಬರ್ ಕಾನೂನನ್ನು ಕೈಬಿಟ್ಟದ್ದು ಈ ದೃಷ್ಟಿಯಿಂದ ಒಳ್ಳೆಯ ತೀರ್ಮಾನವಲ್ಲ.

ಊರಿನವರ ದೃಷ್ಟಿಯಲ್ಲಂತೂ ಕಂಪ್ಯೂಟರ್ ಸೈನ್ಸ್ ಓದುವ ಹುಡುಗಿಯೇ ಹತ್ತಿರದ ಸೈಬರ್ ಠಾಣೆ. ಯಾರದ್ದೋ ಕರೆ ನಂಬಿ ಒಟಿಪಿ ಹೇಳಿ ಹಣ ಕಳೆದುಕೊಂಡ ನೆರೆಮನೆಯ ಅಕ್ಕ ಬಂದು ‘ಈಗ ಎಂತ ಮಾಡುದ್?’ ಎಂದಾಗ ಆರ್‌ಎಸ್‌ಎ ಸಹಾಯಕ್ಕೆ ಬರುವುದಿಲ್ಲ. ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಆರಂಭದ ಆ ಕೆಲವು ಗಂಟೆಗಳಲ್ಲಿ. ಈ ಉತ್ತರ ಯಾವ ಮಾಡ್ಯೂಲಿನಲ್ಲೂ ಇಲ್ಲ.

ಉಳಿದದ್ದು ಪ್ರಾಜೆಕ್ಟ್. ಸಾಮಾನ್ಯವಾಗಿ ನಾಲ್ವರ ತಂಡ. ಒಬ್ಬರು ಕೋಡ್ ಬರೆಯುತ್ತಾರೆ, ಒಬ್ಬರು ರಿಪೋರ್ಟ್, ಒಬ್ಬರು ಪಿಪಿಟಿ, ಇನ್ನೊಬ್ಬರು ಬೈಂಡಿಂಗ್ ಅಂಗಡಿಗೆ ಓಡುತ್ತಾರೆ ಎಂಬುದು ಹಳೆಯ ಕುಹಕ. ದುಡ್ಡು ಕೊಟ್ಟರೆ ಸಿಗುವ ರೆಡಿಮೇಡ್ ಪ್ರಾಜೆಕ್ಟುಗಳ ವ್ಯಾಪಾರ ಹಿಂದೆಯೇ ಇತ್ತು, 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ದುಡ್ಡೂ ಬೇಡವಾಗಿದೆ. ಪದವಿ ವಿದ್ಯಾರ್ಥಿಯ ಪ್ರಾಜೆಕ್ಟಿನಿಂದ ಏನಾಗಬಹುದು ಎಂಬುದಕ್ಕೆ ಉದಾಹರಣೆಯೂ ಇದೇ ದೇಶದಲ್ಲಿದೆ. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ವೇಗವಾಗಿ, ಸಂಶಯಕ್ಕೆ ಎಡೆಯಿಲ್ಲದೆ ಹೇಳುವ ವಿಧಾನವನ್ನು 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್ ತಮ್ಮ ಇಬ್ಬರು ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರೊಂದಿಗೆ ಪ್ರಕಟಿಸಿದರು. ಆ ಇಬ್ಬರ ಬಿ.ಟೆಕ್. ಪ್ರಾಜೆಕ್ಟಿನಿಂದ ಬೆಳೆದ ಕೆಲಸ ಅದು. 2006ರಲ್ಲಿ ಗ್ಯೋಡೆಲ್ ಪ್ರಶಸ್ತಿ ಪಡೆಯಿತು. ಎಲ್ಲ ಪ್ರಾಜೆಕ್ಟೂ ಹಾಗಾಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1970ರ ದಶಕದಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಸಹಾಯಧನ ಕೊಡುತ್ತ ಬಂದಿದೆ. ಊರಿನ ಸಮಸ್ಯೆ ಹಿಡಿದು ಹೊರಟವರಿಗೆ ಅದು ಒಳ್ಳೆಯ ಬಾಗಿಲು.

ಎಂಟನೆಯ ಸೆಮಿಸ್ಟರಿನಲ್ಲಿ ತರಗತಿಯೆಂಬುದು ಹೆಚ್ಚುಕಡಿಮೆ ಇಲ್ಲ. ಇಂಟರ್ನ್‌ಶಿಪ್ ಮತ್ತು ಆನ್‌ಲೈನ್ ಕೋರ್ಸುಗಳು ಅದನ್ನು ತುಂಬುತ್ತವೆ. ಎನ್‌ಪಿಟಿಇಎಲ್ ಜಾಲದಲ್ಲಿ ಐಐಟಿ ಪ್ರಾಧ್ಯಾಪಕರ ಕ್ರಿಪ್ಟೋಗ್ರಫಿ ಪಾಠಗಳು ಯಡ್ತರೆಯ ಮನೆಯ ಜಗಲಿಯಲ್ಲೂ ಉಚಿತವಾಗಿ ಸಿಗುತ್ತವೆ. ಏಳನೆಯ ಸೆಮಿಸ್ಟರಿನಲ್ಲಿ ಅಂಕಕ್ಕಾಗಿ ದಾಟಿಸಿಬಿಟ್ಟ ಮೂರು ಮಾಡ್ಯೂಲುಗಳನ್ನು ಅರ್ಥಕ್ಕಾಗಿ ಓದಲು ಇದೇ ಕಾಲ. ಅದಕ್ಕೂ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು, ಮೊದಲ ವರ್ಷದಲ್ಲಿ ತಾವೇ ಬರೆದ ಸಿ ಪ್ರೋಗ್ರಾಂ ತೆಗೆದು ಹೆಸರಿನ ಜಾಗದಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ನೋಡಬಹುದು. ಬೈಂದೂರು 21 ಬೈಟ್, ಕುಂದಾಪುರ 24. ಹದಿನಾರರಲ್ಲಿ ಎರಡೂ ಹಿಡಿಯುವುದಿಲ್ಲ.